ಬೆಣ್ಣೆ ಕೃಷ್ಣನ ಎಡಗೈ ಕುರಿತು ಸ್ಪಿನ್ ಬೌಲರ್ ಸರ್ದಾರರಿಗೆ

ಶಿವಾರಪಟ್ಟಣ, ಮಾಲೂರು ತಾಲ್ಲೂಕು
೧೯೭೯

ಸರ್ದಾರ್ ಹರ್ನೇಕ್ ಸಿಂಗ್ ಅವರ ಸನ್ನಿಧಿಗೆ,

ಮಾನ್ಯರೇ,

ಹನ್ನೆರಡು ವರ್ಷ ದೇಶದೇಶಗಳ ಬ್ಯಾಟ್ಸ್‌ಮನ್‌ಗಳನ್ನು ಮೆಲ್ಲನೆಯ ಚೆಂಡಿನಿಂದಲೇ ಮರುಳು ಮಾಡಿ ಈಗ ನಿವೃತ್ತರಾಗಿರುವ ತಮಗೆ, ಬ್ಯಾಟನ್ನೇ ಮುಟ್ಟದೆ ತಮಗೆ ಔಟಾದ ಶಿಲ್ಪಿ ಕಾಳಾಚಾರಿಯ ಅನಂತ ನಮಸ್ಕಾರಗಳು.

ಯಲ್ದೂರಿನ ಕೋದಂಡರಾಮಪ್ಪನವರು ತಮ್ಮೂರ ಗುಡಿಗೆ ಬೆಣ್ಣೆ ಕೃಷ್ಣನ ವಿಗ್ರಹ ಬೇಕೆಂದದ್ದು ತಾವು ಮದ್ರಾಸಿನಲ್ಲಿ ಕೊನೆಯ ಟೆಸ್ಟ್ ಆಡುತ್ತಿದ್ದ ವಾರ. ರೇಡಿಯೋದಲ್ಲಿ ತಮ್ಮ ಓವರ್ ಬಂದಾಗಲೆಲ್ಲ ನನ್ನ ಸುತ್ತಿಗೆ ನಿಲ್ಲುತ್ತಿತ್ತು. ತಾವು ಎಡಗೈಯಲ್ಲಿ ಚೆಂಡು ಹಿಡಿದು ನಿಂತ ಪತ್ರಿಕೆಯ ಚಿತ್ರವನ್ನು ಕೆತ್ತನೆ ಚಪ್ಪರದ ಕಂಬಕ್ಕೆ ಅಂಟಿಸಿಕೊಂಡಿದ್ದೆ. ಐದು ತಲೆಮಾರಿನಿಂದ ದೇವರ ಕೈ ಕೆತ್ತಿಕೊಂಡು ಬಂದ ಮನೆಯವನಾದ ನಾನು ತಮ್ಮ ಬೆರಳುಗಳ ಚೆಲುವಿಗೆ ಸೋತು, ಬೆಣ್ಣೆಯುಂಡೆಯನ್ನು ಕೃಷ್ಣನ ಎಡಗೈಗೆ ಕೊಟ್ಟು, ಎರಡು ಬೆರಳು ಅಗಲಿಸಿ, ಮಣಿಕಟ್ಟನ್ನೂ ತುಸು ತಿರುಗಿಸಿಬಿಟ್ಟಿದ್ದೆ. ಅದು ನನಗೆ ಹೊಳೆದದ್ದು ಕೋದಂಡರಾಮಪ್ಪನವರು ಬಂದು ವಿಗ್ರಹಕ್ಕೆ ಎರಡು ಸುತ್ತು ಹಾಕಿದ ಮೇಲೆಯೇ.

"ದೇವ್ರು ಎಡಗೈಲಿ ತಿಂತಾನೇನಯ್ಯಾ ಆಚಾರಿ? ಇವ್ನೇನು ಬೆಣ್ಣೆ ತಿನ್ನಕ್ಕೆ ನಿಂತವ್ನೋ, ಯಾರ್ಗಾದ್ರೂ ಬೀಸಕ್ಕೆ ನಿಂತವ್ನೋ?"

ಮಹಾಶಯರೇ, ತಮ್ಮ ಚೆಂಡಿಗೆ ಯಾರಾದರೂ ಸಿಕ್ಸರ್ ಬಾರಿಸಿದರೆ ತಾವೇ ಚಪ್ಪಾಳೆ ತಟ್ಟುತ್ತೀರೆಂದು ರೇಡಿಯೋದವರು ಹೊಗಳುತ್ತಿದ್ದರಲ್ಲ. ನನ್ನ ತಪ್ಪನ್ನು ಅಷ್ಟು ಚೊಕ್ಕವಾಗಿ ಹಿಡಿದ ಹಿರಿಯರಿಗೆ ನಾನೂ ಮನಸಾರೆ ಚಪ್ಪಾಳೆ ತಟ್ಟಿದೆ. ತಮಗೆ ಅದರಿಂದ ಕೀರ್ತಿ ಬಂತು. ನನ್ನ ಮುಂದೆ ಕೋದಂಡರಾಮಪ್ಪನವರು ಟವೆಲ್ ಕೊಡವಿ ಹೆಗಲಿಗೆ ಹಾಕಿಕೊಂಡು, "ಗೇಲಿ ಮಾಡ್ತೀಯಾ?" ಎಂದು ಬಸ್ಸಿನ ಕಡೆ ನಡೆದೇಬಿಟ್ಟರು.

"ನೀವು ಇಲ್ಲೇ ಕೈ ತಟ್ಕೊಂಡು ಕೂತಿರಿ, ನಾನ್ ಹೋಗಿ ಕರ್ಕೊಂಡ್ ಬರ್ತೀನಿ" ಎಂದು ನನ್ನ ಹೆಂಡತಿ ಗಂಗರತ್ನಮ್ಮ ಓಡಿ, ಬಸ್ ಹತ್ತಿ ಕೂತಿದ್ದವರನ್ನು ಇಳಿಸಿ ತಂದು, ಎರಡು ತಿಂಗಳಲ್ಲಿ ಬೇರೆ ವಿಗ್ರಹ ಕೊಡುವುದಾಗಿ ತಾನೇ ಮಾತು ಕೊಟ್ಟಳು. ಹಾಗೆಯೇ ಕೊಟ್ಟೆವು. ಬಲಗೈ, ಶಾಸ್ತ್ರದ ಬೆರಳು, ಯಾರೂ ಹೆಸರಿಡುವಂತಿಲ್ಲ. ಯಲ್ದೂರಿನವರೆಲ್ಲ ಕೈಮುಗಿದರು, ನಾನೂ ಮುಗಿದೆ. ನಿಜ ಹೇಳಬೇಕೆಂದರೆ ಆ ಕೈಯಲ್ಲಿ ಬೆಣ್ಣೆ ಸುಮ್ಮನೆ ಕೂತಿದೆ. ಚಪ್ಪರದಲ್ಲೇ ಉಳಿದ ಆ ಮೊದಲ ಕೃಷ್ಣನ ಎಡಗೈಯಿಂದ ಮಾತ್ರ ಬೆಣ್ಣೆ ಇನ್ನೇನು ಹೊರಟೇಬಿಡುವಂತಿದೆ. ಅವನನ್ನು ನೋಡಿದಾಗ ನನಗೆ ನಾಚಿಕೆಯಾಗುತ್ತದೆ, ನಾಚಿಕೆಗಿಂತ ಒಂದು ತೂಕ ಹೆಚ್ಚು ಹೆಮ್ಮೆಯಾಗುತ್ತದೆ, ಅದಕ್ಕೆ ಮತ್ತೆ ನಾಚಿಕೆಯಾಗುತ್ತದೆ.

ಆದ್ದರಿಂದ ತಾವು ಈ ಹನ್ನೆರಡು ವರ್ಷಗಳಲ್ಲಿ ಎಸೆದ ಅಷ್ಟೂ ಚೆಂಡುಗಳನ್ನು ವಾಪಸು ತೆಗೆದುಕೊಂಡು, ದಯವಿಟ್ಟು ಬಲಗೈಯಲ್ಲಿ ಮತ್ತೊಮ್ಮೆ ಎಸೆದುಕೊಡಬೇಕಾಗಿ ವಿನಂತಿ. ಅಷ್ಟು ಬಿಡುವಿಲ್ಲದಿದ್ದರೆ ಖುದ್ದಾಗಿ ಬಂದು, ತಪ್ಪು ನನ್ನದಲ್ಲ, ತಮ್ಮ ಬೆರಳುಗಳದೆಂದು ಗಂಗರತ್ನಮ್ಮನಿಗೆ ಒಂದು ಮಾತು ವಿವರಿಸಿದರೂ ಸಾಕು. ತಮ್ಮಂಥ ಅನುಭವಸ್ಥರಿಗೂ ಆ ಪಿಚ್ ಕಷ್ಟವೇ.

ಔಟಾದರೂ ತಮ್ಮ ವಿಶ್ವಾಸಿ,
ಕಾಳಾಚಾರಿ

ವಿ.ಸೂ.: ನಂಗಲಿ ಊರಿನವರು ಮೋದಕ ಹಿಡಿದ ಗಣಪತಿ ಕೇಳಿದ್ದಾರೆ. ತಮ್ಮ ಜಾಗಕ್ಕೆ ಬಂದಿರುವ ಹೊಸ ಬೌಲರ್ ಚೆಂಡನ್ನು ಹೇಗೆ ಹಿಡಿಯುತ್ತಾರೋ ನಾನು ನೋಡಿಲ್ಲ, ನೋಡುವುದೂ ಇಲ್ಲ, ನಾನು ಸಂಸಾರಸ್ಥ.