ಖಾಲಿ ಟ್ಯಾಂಕಿನ ಕಾವಲು

ಯಾರಿಗೂ ಇಲ್ಲ ಎನ್ನಲಾರದ ಜಾತಿಯವನು ನಾನು. ಬಾಗಿಲಿಗೆ ಬಂದು ಏನಾದರೂ ಕೇಳಿದರೆ ತಲೆ ತಾನಾಗಿಯೇ ಆಡಿಬಿಡುತ್ತದೆ. ಅವರು ಹೋದ ಮೇಲೆ ಅರ್ಧ ದಿನ ಒಳಗೊಳಗೇ ಕುದಿಯುತ್ತೇನೆ. ಇದಕ್ಕೆ ಧಾರಾಳತನ ಎಂಬ ಹೆಸರನ್ನು ನನ್ನ ಹೆಂಡತಿ ಇವತ್ತಿನವರೆಗೂ ಕೊಟ್ಟಿಲ್ಲ. ಅಂಥವನು ಒಂದು ಸಣ್ಣ ಪೆಟ್ರೋಲ್ ಪಿಕಪ್ ಕೊಂಡರೆ ಏನಾಗಬೇಕೋ ಅದೇ ಆಯಿತು. ಹಾರನಹಳ್ಳಿ ಕಡೆಯ ನಮ್ಮ ಬೀದಿಯಲ್ಲಿ ಅದು ನನ್ನ ಟೊಮೆಟೊ ಹೊತ್ತದ್ದಕ್ಕಿಂತ ಊರವರ ಸಿಮೆಂಟು, ಹಿಂಡಿ ಮೂಟೆ, ಬೀಗರೂಟದ ಪಾತ್ರೆ ಹೊತ್ತದ್ದೇ ಹೆಚ್ಚು.

ಗಾಡಿ ಕೇಳಲು ಬಂದವರ ಹತ್ತಿರ ಪೆಟ್ರೋಲಿನ ಮಾತೆತ್ತುವುದು ನಮ್ಮಲ್ಲಿ ಮರ್ಯಾದೆಯಲ್ಲ. ಹಾಗಾಗಿ ನಾನೊಂದು ಉಪಾಯ ಮಾಡಿದೆ. ಟ್ಯಾಂಕನ್ನು ಎಂದೂ ತುಂಬಿಸದೆ, ಪೆಟ್ರೋಲ್ ಮೀಟರಿನ ಮುಳ್ಳು ಸದಾ ಕೆಂಪು ಗೆರೆಯ ಮೇಲೇ ಇರುವಂತೆ ನೋಡಿಕೊಂಡೆ. ಕೀ ತೆಗೆದುಕೊಂಡವರು ಮೊದಲು ಬಂಕಿಗೆ ಹೋಗಲೇಬೇಕು. ನಾನು ಹೇಳಲಾರದ ಮಾತನ್ನು ನನ್ನ ಪರವಾಗಿ ಆ ಮುಳ್ಳು ಹೇಳುತ್ತಿತ್ತು. ಎಲ್ಲರಿಗಿಂತ ಹೆಚ್ಚು ಸಲ ಕೀ ಕೇಳುವವನು ಎದುರುಮನೆಯ ಜವರಪ್ಪ, ವಯಸ್ಸಿನಲ್ಲಿ ನನ್ನ ತಮ್ಮನಂಥವನು. ಅವನು ಒಮ್ಮೆಯೂ ಗೊಣಗಲಿಲ್ಲ. ಮುಖ ಕೆಡಿಸಿಕೊಳ್ಳದೆ ಕೆಲಸ ಸಾಧಿಸಿದೆನಲ್ಲ ಎಂದು ನನಗೆ ಒಳಗೇ ಹೆಮ್ಮೆ.

ಹೀಗಿರುವಾಗ ಒಂದು ಬೆಳಿಗ್ಗೆ ಟೊಮೆಟೊ ತುಂಬಿಕೊಂಡು ಹುಣಸೂರಿಗೆ ಹೊರಟಿದ್ದೆ. ಅರ್ಧ ದಾರಿಯಲ್ಲಿ ಗಾಡಿ ಜಗ್ಗಿ ಜಗ್ಗಿ ನಿಂತುಬಿಟ್ಟಿತು. ಕೀ ತಿರುಗಿಸಿದರೆ ಎಂಜಿನ್ ಗರಗರ ಸುತ್ತುತ್ತದೆ, ಹತ್ತಿಕೊಳ್ಳುವುದಿಲ್ಲ. ನಿಂತ ಗಾಡಿಯನ್ನು ನಮ್ಮ ಕಡೆ ಯಾರೂ ಸುಮ್ಮನೆ ದಾಟಿ ಹೋಗುವುದಿಲ್ಲ. ಹಾಲಿನ ಕ್ಯಾನಿನವನು ಪ್ಲಗ್ಗು ಎಂದ. ಬೈಕಿನಲ್ಲಿ ಬಂದ ದಂಪತಿಯಲ್ಲಿ ಗಂಡ ಬ್ಯಾಟರಿ ಎಂದ, ಹೆಂಡತಿ ದೃಷ್ಟಿಯಾಗಿದೆ ಎಂದಳು. ನನಗೆ ಆ ಹೆಂಗಸಿನ ಮಾತೇ ಸರಿ ಎನ್ನಿಸಿತು. ಫೋನ್ ಮಾಡಿದ್ದೇ ತಡ, ಜವರಪ್ಪ ಇದ್ದ ಕೆಲಸ ಬಿಟ್ಟು, ಹುಣಸೂರಿನ ಮೆಕ್ಯಾನಿಕ್ ಅಯೂಬನನ್ನು ಬೈಕಿನಲ್ಲಿ ಕೂರಿಸಿಕೊಂಡು ಬಂದ.

ಅಯೂಬ್ ನನ್ನಿಂದ ಕೀ ಆನ್ ಮಾಡಿಸಿ ತಾನು ಟ್ಯಾಂಕಿನ ಬಳಿ ಕಿವಿಯಿಟ್ಟ. ಸ್ಟಾರ್ಟ್ ಮಾಡುವ ಮೊದಲು ಅದರೊಳಗೆ ಪೆಟ್ರೋಲ್ ಎತ್ತುವ ಪಂಪಿನಿಂದ ಗುಂಯ್ ಎಂಬ ಸಣ್ಣ ಸದ್ದು ಬರಬೇಕಂತೆ, ಬರಲಿಲ್ಲ. ಫ್ಯೂಸು ಸರಿಯಿತ್ತು, ವೈರಿನಲ್ಲಿ ಕರೆಂಟೂ ಇತ್ತು. ಮರದ ತುಂಡಿನಿಂದ ಟ್ಯಾಂಕಿನ ತಳಕ್ಕೆ ಮೆತ್ತಗೆ ತಟ್ಟಿದ. ಗುಂಯ್ ಎಂದಿತು, ಗಾಡಿ ಹತ್ತಿಕೊಂಡಿತು. ಸಾಯುವ ಪಂಪು ಹೀಗೆ ಒಂದೆರಡು ಸಲ ಎದ್ದು ಕೂರುತ್ತದೆ, ನಂಬಬೇಡಿ ಎಂದು ಹೇಳಿ ನೇರ ತನ್ನ ಶೆಡ್ಡಿಗೆ ಓಡಿಸಿದ. ಜವರಪ್ಪ ನನ್ನ ಟೊಮೆಟೊವನ್ನು ಆಟೋಗೆ ತುಂಬಿಸಿ ಮಾರ್ಕೆಟ್ಟಿಗೆ ಕಳಿಸಿ, ಟ್ಯಾಂಕ್ ಇಳಿಸಲು ತಾನೂ ಕೈಜೋಡಿಸಿದ. ಇಷ್ಟು ಹಗುರವಾದ ಟ್ಯಾಂಕನ್ನು ತಾನು ಇಳಿಸಿಯೇ ಇಲ್ಲ ಎಂದು ಅಯೂಬ್ ಹೇಳಿದಾಗ ನಾನು ಅದನ್ನು ಹೊಗಳಿಕೆ ಎಂದೇ ತಿಳಿದೆ.

ಹೊರಗೆ ಬಂದ ಪಂಪಿಗೆ ನೇರವಾಗಿ ಬ್ಯಾಟರಿ ಮುಟ್ಟಿಸಿದರೂ ಅದು ಮಿಸುಕಲಿಲ್ಲ. ಸುಟ್ಟ ವಾಸನೆ ಬರುತ್ತಿತ್ತು.

"ಗೌಡ್ರೇ, ಈ ಪಂಪನ್ನ ತಣ್ಣಗಿಡೋದೇ ಪೆಟ್ರೋಲು, ಅದ್ರಲ್ಲಿ ಮುಳುಗಿರ್ಬೇಕು ಇದು. ಯಾರೋ ಯಾವಾಗ್ಲೂ ಕೆಂಪು ಗೆರೇಲೇ ಓಡ್ಸವ್ರೆ" ಎಂದ ಅಯೂಬ್.

"ಊರೋರೆಲ್ಲ ತಗೊಂಡೋಗೋ ಗಾಡಿ ಕಣಪ್ಪ, ಯಾರ್ ಎಂಗ್ ಓಡುಸ್ತಾರೋ ಏನೋ" ಎಂದುಬಿಟ್ಟೆ.

ಜವರಪ್ಪ ಪಕ್ಕದಲ್ಲೇ ಟ್ಯಾಂಕ್ ಹಿಡಿದು ಕೂತಿದ್ದ. ಹೊಸ ಪಂಪು ಕೂತು, ಪೈಪು ಸಿಕ್ಕಿಸಿ, ಗಾಡಿ ಒಂದೇ ಏಟಿಗೆ ಸ್ಟಾರ್ಟ್ ಆದರೂ ಆ ಮಾತಿನಮಲ್ಲ ಬಾಯಿ ಬಿಡಲಿಲ್ಲ. ನನಗೆ ಬಹಳ ಸಂಕಟವಾಯಿತು. ಪಂಪು ಇನ್ನೊಂದು ಸಿಗುತ್ತದೆ. ಕರೆದ ತಕ್ಷಣ ಓಡಿಬರುವ ಎದುರುಮನೆಯವನು ಯಾವ ಸ್ಪೇರ್‌ಪಾರ್ಟ್ಸ್ ಅಂಗಡಿಯಲ್ಲೂ ಸಿಗುವುದಿಲ್ಲ. ವಾಪಸು ಬರುತ್ತಾ ಬಂಕಿನಲ್ಲಿ ನಿಲ್ಲಿಸಿದೆ. ಹಿಂದೆಯೇ ಬೈಕಿನಲ್ಲಿ ಬಂದವನಿಗೆ, ಮುಳ್ಳನ್ನು ಬೇಕೆಂದೇ ಕೆಂಪಿನಲ್ಲಿ ಇಡುತ್ತಿದ್ದವನು ನಾನೇ ಎಂದು ತಡವರಿಸುತ್ತ ಹೇಳಿದೆ.

"ಗೊತ್ತು ಕಣಣ್ಣ, ಬೀದಿಗೆಲ್ಲ ಗೊತ್ತು" ಎಂದ. "ನಾವ್ ಆಕ್ಸಿದ್ ಪೆಟ್ರೋಲು ನಿಂಗ್ಯಾಕ್ ಉಳುಸ್ಬೇಕು ಅಂತ, ಕೆರೆ ಏರಿ ಮ್ಯಾಲೆ ಇನ್ನೊಂದ್ ಸುತ್ತು ಒಡ್ದು, ಕೆಂಪಿಗೆ ತಂದೇ ಕೀ ಕೊಡ್ತಿದ್ದೊ. ಅಲ್ಲಿ ಶೆಡ್ಡಲ್ಲಿ ನಂದೇ ತಪ್ಪು ಅನ್ಕಂಡು ಸುಮ್ಕಿದ್ದೆ ಬುಡು."

ಅಂದರೆ ಆ ಬಡಪಾಯಿ ಪಂಪನ್ನು ನಾವು ಎರಡೂ ಕಡೆಯಿಂದ ಸುಟ್ಟಿದ್ದೆವು. ಬಂಕಿನಲ್ಲೇ ನಿಂತು ಇಬ್ಬರೂ ನಕ್ಕೆವು, ಆದರೆ ದಾರಿಯುದ್ದಕ್ಕೂ ನನಗೆ ಅದೇ ಯೋಚನೆ. ಎಂದಾದರೊಂದು ದಿನ ಬಾಯಿಬಿಟ್ಟು ಪೆಟ್ರೋಲ್ ಹಾಕಿಸಿಡು ಎಂದಿದ್ದರೆ ಅವನು ಹೆಚ್ಚೆಂದರೆ ಒಂದು ಹೊತ್ತು ಮುನಿಸಿಕೊಳ್ಳುತ್ತಿದ್ದ. ಒಳ್ಳೆಯವನು ಎನ್ನಿಸಿಕೊಳ್ಳುವ ಚಪಲಕ್ಕೆ ಇಷ್ಟು ಕಾಲ ನಗುನಗುತ್ತಲೇ ಒಬ್ಬರ ಮೇಲೊಬ್ಬರು ಕಾವಲು ಕೂತಿದ್ದೆವಲ್ಲ ಎಂದು ಬೇಸರವಾಯಿತು. ಇನ್ನು ಮೇಲೆ ಟ್ಯಾಂಕಿನಲ್ಲಿ ಅರ್ಧಕ್ಕಿಂತ ಕಡಿಮೆ ಇರಕೂಡದು, ಯಾರನ್ನೂ ಅನುಮಾನಿಸಲೂ ಕೂಡದು ಎಂದು ನಿಶ್ಚಯಿಸಿದೆ.

ಮಾರನೆಯ ದಿನವೇ ಜವರಪ್ಪ ಹಿಂಡಿ ತರಲು ಕೀ ಕೇಳಿದ. ಮನಸಾರೆ ಕೊಟ್ಟೆ. ಸಂಜೆ ಗಾಡಿ ವಾಪಸು ಬಂದಾಗ, ಅವನು ಮನೆಯೊಳಗೆ ಹೋದದ್ದನ್ನು ಖಚಿತಪಡಿಸಿಕೊಂಡು ಮುಳ್ಳನ್ನು ನೋಡಿದೆ. ನಾನು ಕೊಟ್ಟಾಗ ಇದ್ದುದಕ್ಕಿಂತ ಒಂದು ಕೂದಲೆಳೆ ಮೇಲೇ ಇತ್ತು. ಸುಮಾರು ಹೊತ್ತು ಅದನ್ನೇ ನೋಡುತ್ತ ಕೂತಿದ್ದು, ಆಮೇಲೆ ಅಯೂಬನಿಗೆ ಫೋನ್ ಮಾಡಿ, ಪಂಪು ಕೂರಿಸುವಾಗ ಮುಳ್ಳೇನಾದರೂ ಕೆಟ್ಟಿರಬಹುದೇ ಎಂದು ವಿಚಾರಿಸಿದೆ.