ಮಾವನ ಜಪಾನಿ ಹೆಬ್ಬೆರಳು

ನಮ್ಮ ಸೋದರಮಾವನಿಂದ ಒದೆ ತಿನ್ನದ ಸೊಂಟ ಮಾನ್ವಿ ತಾಲೂಕಿನಲ್ಲೇ ಇರಲಿಲ್ಲ! ಒಬ್ಬರಾದರೂ ಪೊಲೀಸರಿಗೆ ದೂರು ಕೊಟ್ಟರೇ? ಎಲ್ಲಿಯದು! ಒದೆಸಿಕೊಂಡವರೇ ತೆಂಗಿನಕಾಯಿ ಕೊಟ್ಟು, "ನಿನಗ ಪುಣ್ಯಾ ಬರತದಪಾ" ಎಂದು ಹರಸಿ ಹೋಗುತ್ತಿದ್ದರು.

ಕಾರಣವಿಷ್ಟೆ. ಮಾವ ಮಲ್ಲಟದಲ್ಲಿ ಕಾಲು ಮುಂದಾಗಿ ಹುಟ್ಟಿದವನು. ಹಾಗೆ ಹುಟ್ಟಿದವರು ಹಿಡಿದುಕೊಂಡ ಟೊಂಕಕ್ಕೆ ಮೂರು ಸಲ ಒದ್ದರೆ ನೋವು ಬಿಡುತ್ತದೆಂದು ನಮ್ಮ ಕಡೆಯ ನಂಬಿಕೆ. ಹೀಗಾಗಿ ಮಾವನಿಗೆ ನಡೆಯಲು ಬರುವ ಮೊದಲೇ ಒದೆಯಲು ಬರುತ್ತಿತ್ತು! ಹತ್ತಿ ಬಿಡಿಸಿ ಬಗ್ಗಿದವರು, ಕುರಿ ಎತ್ತಿ ಉಳುಕಿಸಿಕೊಂಡವರು, ಸ್ವತಃ ಊರ ಗೌಡರು, ಎಲ್ಲರೂ ಅವನ ಮುಂದೆ ಬೋರಲು ಮಲಗಿದವರೇ. ದೊಡ್ಡವನಾಗಿ ಶಕ್ತಿನಗರದ ವಿದ್ಯುತ್ ಸ್ಥಾವರದಲ್ಲಿ ಫಿಟ್ಟರ್ ಕೆಲಸಕ್ಕೆ ಸೇರಿದ ಮೇಲೂ ಈ ಸೇವೆ ನಿಲ್ಲಲಿಲ್ಲ.

ಆದರೆ ದೇವದುರ್ಗದಲ್ಲಿ ಅವನ ಅಕ್ಕ, ಅಂದರೆ ನಮ್ಮ ಅವ್ವ, ಟೊಂಕ ಹಿಡಿದು ನಾಲ್ಕು ತಿಂಗಳಿಂದ ಮಲಗಿದ್ದಳು. ಗೋಡೆ ಹಿಡಿಯದೆ ಏಳಲಾಗುತ್ತಿರಲಿಲ್ಲ. ಹೀಗೇ ಆದರೆ ಆಪರೇಷನ್ ಮಾಡಬೇಕಾದೀತೆಂದು ಡಾಕ್ಟರು ಹೆದರಿಸಿದ್ದರು. "ಬಾರಪಾ, ನನಗೂ ಒಂದು ಒದಿ ಹಾಕು" ಎಂದು ಅವ್ವನೇ ಕರೆದರೂ ಮಾವ "ರಜಾ ಕೊಡವಲ್ರು" ಎಂದು ಜಾರಿಕೊಂಡ. ಊರಿಗೆಲ್ಲ ಒದೆಯುವವನಿಗೆ ಒಡಹುಟ್ಟಿದವಳು ಬೇಡವಾದಳೇ? ನನಗೆ ಉರಿದುಹೋಯಿತು.

ಎಂಬತ್ತರ ದಶಕದ ಆ ದಿನಗಳಲ್ಲಿ ಯಾವುದೋ ಯಂತ್ರ ಕೂಡಿಸಲು ಶಕ್ತಿನಗರಕ್ಕೆ ಒಬ್ಬ ಜಪಾನಿ ಇಂಜಿನಿಯರು ಬಂದಿದ್ದ. ದಿನಾ ಸಂಜೆ ಅವನು ಹೆಬ್ಬೆರಳಿನಿಂದ ತನ್ನ ಕುತ್ತಿಗೆ, ಕಾಲು ಒತ್ತಿಕೊಳ್ಳುವುದನ್ನು ಮಾವ ಕಂಡ. ಅದರ ಹೆಸರು ಶಿಯಾತ್ಸು. ಇವನಿಗೆ ಜಪಾನಿ ಬಾರದು, ಅವನಿಗೆ ಕನ್ನಡ ಬಾರದು. ಆದರೂ ಅವನು ಒತ್ತಿದ, ಇವನು ಕೂಗಿದ, ಪಾಠ ಶುರುವಾಯಿತು!

ರಾಯಚೂರಿನಲ್ಲಿ ಕಾಲೇಜು ಓದುತ್ತಿದ್ದ ನಾನು ಭಾನುವಾರದ ಊಟದಾಸೆಗೆ ಮಾವನ ಮನೆಗೆ ಹೋಗುತ್ತಿದ್ದೆ. ಅವನ ಪ್ರಯೋಗಕ್ಕೆ ನನ್ನ ಬೆನ್ನೇ ಸಿಕ್ಕಿತು.

"ಮೈಯಾಗ 'ಕಿ' ಅಂತ ಒಂದು ಶಕ್ತಿ ಹರೀತದಲೇ ಅಳಿಯಾ. ನಮ್ಮ ತುಂಗಭದ್ರಾ ಕಾಲುವಿ ಇದ್ದಂಗ. ಮ್ಯಾಲಿನೋರು ಗೇಟ್ ಹಾಕಿದ್ರ ನಮ್ಮ ಮಾನ್ವಿಗೆ ನೀರು ಬರತದೇನು? ಕಟ್ಟಿದಲ್ಲಿ ಒತ್ತಿ ಬಿಡಸಬೇಕು."

"ಯಪ್ಪಾ, ಸತ್ತೆ ಮಾವಾ!"

"ಸತ್ತಿಲ್ಲ, ನೀರು ಬಿಟ್ಟೀನಿ, ಸುಮ್ಕಿರು."

ನಾನು ಇಲ್ಲದ ದಿನ ಅತ್ತೆ ನಾದಿಟ್ಟ ಜೋಳದ ಹಿಟ್ಟೇ ಗತಿ. ಅದರ ಮೇಲೆಲ್ಲ ಹೆಬ್ಬೆರಳಿನ ಗುಂಡಿಗಳು! "ಹಿಟ್ಟಿಗೂ ಟೊಂಕ ಹಿಡದದೇನ್ರೀ?" ಎಂದು ಅತ್ತೆ ಲಟ್ಟಣಿಗೆ ಎತ್ತಿದಳಂತೆ.

ಒಮ್ಮೆ ಇಬ್ಬರೂ ಮಾನ್ವಿ ಬಸ್ಸಿನಲ್ಲಿ ಹೊರಟಿದ್ದೆವು. ಮುಂದಿನ ಸೀಟಿನಲ್ಲಿ ಒಬ್ಬ ಬಟ್ಟೆ ವ್ಯಾಪಾರಿ ಸಾಹೇಬರು ಕುತ್ತಿಗೆ ಸೊಟ್ಟ ಮಾಡಿಕೊಂಡು ಕುಳಿತಿದ್ದರು. ಮಾವನಿಗೆ ತಡೆಯಲಾಗಲಿಲ್ಲ. ಹೇಳದೆ ಕೇಳದೆ ಒತ್ತಿಯೇಬಿಟ್ಟ! ಸಾಹೇಬರು ಹೌಹಾರಿ, "ಅರೇ ಮಿಯಾಂ, ಕ್ಯಾ ಕರ್ರೇ ಜೀ?" ಎಂದು ಗದರಿದರು. ನಮಗೆ ಇವತ್ತು ಬಸ್ಸಿನಲ್ಲೇ ಪೂಜೆ ಎಂದು ನಾನು ಕಣ್ಣು ಮುಚ್ಚಿದೆ. ಎರಡು ನಿಮಿಷ ಬಿಟ್ಟು ಮೆಲ್ಲಗೆ ದನಿ ಬಂತು: "ಜರಾ ಔರ್ ದಬಾವ್ ನಾ." ಇನ್ನಷ್ಟು ಒತ್ತಬೇಕಂತೆ! ಸಾಹೇಬರು ತಾವು ಇಳಿಯುವ ಊರು ದಾಟಿ ಮಾನ್ವಿಯವರೆಗೂ ಬಂದರು.

ಹಳೆಯ ಗಿರಾಕಿಗಳು ಮಾತ್ರ ಬಗ್ಗಲಿಲ್ಲ. ಮಲ್ಲಟದ ಕುರಿ ಕಾಯುವ ಅಜ್ಜನೊಬ್ಬ ಅರ್ಧ ತಾಸು ಒತ್ತಿಸಿಕೊಂಡು, "ಛಲೋ ಆತು ತಮ್ಮಾ. ಇನ್ನ ಒದಿ" ಎಂದು ಮತ್ತೆ ಬೋರಲು ಮಲಗಿದ! ಅಜ್ಜನ ಮಾತು ಬಿಡಿ. ಊರಿಗೆ ಹೊರಟ ದಿನ ಪೆಟ್ಟಿಗೆ ಎತ್ತಲು ಹೋಗಿ ಜಪಾನಿ ಗುರುವಿನ ಟೊಂಕವೇ ಹಿಡಿದುಕೊಂಡಿತು. ಮಾವ ಭಕ್ತಿಯಿಂದ ಹೆಬ್ಬೆರಳು ಚಾಚಿದರೆ ಗುರು ತಲೆ ಅಲ್ಲಾಡಿಸಿ, ಮಾವನ ಪಾದದ ಕಡೆ ಬೆರಳು ತೋರಿಸಿದನಂತೆ! ಸುದ್ದಿ ಅವನಿಗೂ ಮುಟ್ಟಿತ್ತು.

ಗುರುವನ್ನು ಕಳಿಸಿದ ಮರುವಾರವೇ ಮಾವ ದೇವದುರ್ಗಕ್ಕೆ ಬಂದ. ಕರೆಯದೆ ಬಂದ! ಅವ್ವನನ್ನು ಚಾಪೆಯ ಮೇಲೆ ಮಲಗಿಸಿ, ಪಕ್ಕದಲ್ಲಿ ಮೊಣಕಾಲೂರಿ ಕುಳಿತು ಒತ್ತತೊಡಗಿದ. ಒಂದು ಭಾನುವಾರವಲ್ಲ, ಎಂಟು ಭಾನುವಾರ. ನನಗಂತೂ ನಂಬಿಕೆ ಇರಲಿಲ್ಲ, ಆಸ್ಪತ್ರೆಯ ಚಿಂತೆಯಲ್ಲೇ ಇದ್ದೆ. ಒಂಬತ್ತನೆಯ ಭಾನುವಾರ ಬೆಳಿಗ್ಗೆ ಅಡುಗೆಮನೆಯಿಂದ ರೊಟ್ಟಿ ಬಡಿಯುವ ಸಪ್ಪಳ ಕೇಳಿ ಎಚ್ಚರವಾಯಿತು. ಓಡಿಹೋಗಿ ನೋಡಿದರೆ ಅವ್ವ! ಒಲೆಯ ಮುಂದೆ ನೆಟ್ಟಗೆ ಕುಳಿತಿದ್ದಾಳೆ! ಶಿಯಾತ್ಸುವೋ, ಶರಣರ ದಯೆಯೋ, ನನಗೆ ಗೊತ್ತಿಲ್ಲ. ಹೋಗಿ ಒಲೆಯ ಪಕ್ಕದಲ್ಲಿ ಕುಳಿತೆ. ಇಷ್ಟು ತಿಂಗಳು ತಡೆದಿಟ್ಟ ಅಳು ಆಗ ಬಂತು.

ಆಮೇಲೆ ಹಳೆಯ ಸಿಟ್ಟೂ ನೆನಪಾಯಿತು. ಕಟ್ಟೆಯ ಮೇಲೆ ಕುಳಿತಿದ್ದ ಮಾವನನ್ನು ಜಾಡಿಸಿದೆ: "ಊರ ಮಂದಿಗೆಲ್ಲ ಒದೀತಿ. ಅವ್ವಗ ಮೊದಲ ಒಂದು ಒದಿ ಹಾಕಾಕ ಏನಾಗಿತ್ತು ನಿನಗ? ಇಷ್ಟು ದಿನ ಯಾಕ ಕಾಡಿದಿ?"

ಮಾವ ತನ್ನ ಊದಿದ ಹೆಬ್ಬೆರಳುಗಳನ್ನು ನೀವಿಕೊಳ್ಳುತ್ತ ಹೇಳಿದ:

"ನನ್ನ ಹಡೆಯೋದ್ರಾಗ ನಮ್ಮವ್ವ ಹೋದ್ಲು. ಆಗ ಅಕ್ಕಗ ಒಂಬತ್ತು ವರ್ಷ. ಟೊಂಕದ ಮ್ಯಾಲ ಕುಂದ್ರಿಸಿಕೊಂಡು, ಊರೆಲ್ಲಾ ತಿರುಗಿ ಹಾಲು ಕೇಳಿ ನನ್ನ ಬದುಕಿಸಿದಾಕಿ. ಆ ಟೊಂಕಕ್ಕ ಕಾಲು ಹಚ್ಚಲೇನಲೇ ಅಳಿಯಾ?"