ಕೈ ಮುಗಿದು ಬಿಟ್ಟ ಗೋಲು

ಸಕಲಸಂತೃಪ್ತಿ ಸೌಹಾರ್ದ ಬ್ಯಾಂಕಿನ ಅಧ್ಯಕ್ಷರೂ, ಅದೇ ಬ್ಯಾಂಕು ನಡೆಸುವ ಫುಟ್‌ಬಾಲ್ ಟೂರ್ನಿ ಸಮಿತಿಯ ಅಧ್ಯಕ್ಷರೂ, ‘ಮುಂಜಾವಿನ ಗರ್ಜನೆ’ ಪತ್ರಿಕೆಯ ಗೌರವ ಸಂಸ್ಥಾಪಕರೂ, ಈಚೆಗೆ ಗೋಲು ಹೊಡೆದವರೂ ಆದ ಶ್ರೀ ಮಹಾಂತಗೌಡರ ಸನ್ನಿಧಿಗೆ:

ಮಾನ್ಯರೇ,

ಅಮೀನಗಡದ ಬಸ್‌ಸ್ಟ್ಯಾಂಡಿನ ಎದುರು ಕರದಂಟಿನ ಅಂಗಡಿ ಇಟ್ಟುಕೊಂಡಿರುವ ಗುರುಸಿದ್ದವ್ವ ಮಾಡುವ ಅನಂತ ಶರಣಾರ್ಥಿಗಳು. ತಾವು ಕ್ಷೇಮವೆಂದು ನಂಬಿದ್ದೇನೆ. ತಮ್ಮ ಬಲಗಾಲೂ ಕ್ಷೇಮವೆಂದು ನಂಬಿದ್ದೇನೆ, ಏಕೆಂದರೆ ಈ ಪತ್ರವೆಲ್ಲ ಅದರ ಸಲುವಾಗಿಯೇ ಇದೆ. ದೊಡ್ಡವರಿಗೆ ಬರೆಯುವಾಗ ಶುದ್ಧ ಭಾಷೆ ಇರಬೇಕೆಂದು ನನ್ನ ಸೊಸೆ ಬಸವೇಶ್ವರಿ ಮಗ್ಗುಲಲ್ಲೇ ಕುಳಿತು ಕಾವಲು ಕಾಯುತ್ತಿದ್ದಾಳೆ. ಆಕಿ ಬೆಲ್ಲದ ಪಾಕ ನೋಡಾಕ ಒಳಗ ಹೋದಾಗೆಲ್ಲ ನಮ್ಮ ಮಾತು ನುಗ್ಗತೈತಿ, ತಾವು ಹೊಟ್ಟ್ಯಾಗ ಹಾಕ್ಕೋಬೇಕು.

ನಾನು ಫುಟ್‌ಬಾಲಿನ ಹುಚ್ಚಿ, ಮಾನ್ಯರೇ. ನನ್ನ ಅಂಗಡಿಯ ಟಿವಿಯಲ್ಲಿ ಫುಟ್‌ಬಾಲ್ ಬಿಟ್ಟು ಬೇರೇನೂ ಹಚ್ಚುವುದಿಲ್ಲ. ಬಸ್ಸಿಳಿದು ಬಂದವರು ಅವ್ವಾರ ಸ್ವಲ್ಪ ಕ್ರಿಕೆಟ್ ಹಚ್ಚರಿ ಎಂದರೆ, ಕರದಂಟು ಕಟ್ಟಿಕೊಡುತ್ತೇನೆ, ಕ್ರಿಕೆಟ್ಟು ಬಸ್ಸಿನಲ್ಲಿ ಕುಳಿತು ಫೋನಿನಲ್ಲಿ ನೋಡ್ರಿ ಎಂದು ಕಳುಹಿಸುತ್ತೇನೆ. ಕ್ರಿಕೆಟ್ ಆಟಗಾರನೊಬ್ಬ ಕೂದಲು ಕತ್ತರಿಸಿಕೊಂಡರೆ ಪತ್ರಿಕೆಗಳಲ್ಲಿ ಅರ್ಧ ಪುಟ ಬರುತ್ತದೆ. ನಮ್ಮ ದೇಶದ ಫುಟ್‌ಬಾಲ್ ತಂಡ ಆಡಿದ ಸುದ್ದಿ ಬಂಗಾರದ ದರದ ಕೆಳಗೆ ಬೆರಳಗಲ ಬರುತ್ತದೆ, ಅದರಲ್ಲೂ ‘ಸೋಲು’ ಎಂಬ ಪದವನ್ನು ಮೊದಲೇ ಜೋಡಿಸಿ ಇಟ್ಟಿರುತ್ತಾರೇನೋ ಎನ್ನುವಷ್ಟು ಚುರುಕಾಗಿ. ಇಂಥ ಕಾಲದಲ್ಲಿ ಫುಟ್‌ಬಾಲಿನ ಸುದ್ದಿಯೊಂದು ತಮ್ಮ ಪತ್ರಿಕೆಯ ಮೊದಲ ಪುಟದಲ್ಲಿ, ಬಣ್ಣದಲ್ಲಿ, ಆರು ಕಾಲಮ್ಮಿನ ಅಗಲಕ್ಕೆ ಬಂತಲ್ಲ, ಆವತ್ತು ನಾನು ಅತ್ತುಬಿಟ್ಟೆ. ಓದಿದ ಮೇಲೆ ಇನ್ನಷ್ಟು ಅತ್ತೆ.

ತಮಗೆ ನೆನಪಿರಲಿಕ್ಕಿಲ್ಲ, ದೊಡ್ಡವರಿಗೆ ನೂರೆಂಟು ಉದ್ಘಾಟನೆ, ಆದ್ದರಿಂದ ನಡೆದದ್ದನ್ನು ನಾನೇ ಅರಿಕೆ ಮಾಡಿಕೊಳ್ಳುತ್ತೇನೆ. ಟೂರ್ನಿಯ ಅಂತಿಮ ಪಂದ್ಯ ಹುನಗುಂದದ ಮೈದಾನದಲ್ಲಿ, ನಮ್ಮ ಅಮೀನಗಡಕ್ಕೂ ಗುಳೇದಗುಡ್ಡಕ್ಕೂ. ಉದ್ಘಾಟಕರು ತಾವು. ತಮ್ಮ ಗಾಡಿ ಬಾಗಲಕೋಟೆ ಬಿಟ್ಟಿದೆ ಎಂಬ ಸುದ್ದಿ ಮೈಕಿನಲ್ಲಿ ಮೇಲಿಂದ ಮೇಲೆ ಬಂತು, ಗಾಡಿ ಮಾತ್ರ ಬರಲಿಲ್ಲ. ಹೊತ್ತು ಇಳಿಯತೊಡಗಿತು, ಮೈದಾನಕ್ಕೆ ದೀಪವಿಲ್ಲ. ಕೊನೆಗೆ ರೆಫ್ರಿ ಸುಭಾನಸಾಬರು ದೇವರ ಮೇಲೆ ಭಾರ ಹಾಕಿ ಸೀಟಿ ಹೊಡೆದು ಆಟ ಚಾಲೂ ಮಾಡಿಬಿಟ್ಟರು. ಅರ್ಧ ಆಟ ಮುಗಿಯುವುದರೊಳಗೆ ತಾವು ದಯಮಾಡಿಸಿದಿರಿ. ಸುರುವಾಗಿ ಹೋದ ಆಟವನ್ನು ಸುರು ಮಾಡಿಸುವುದು ಹೇಗೆಂದು ಬೇರೆ ಊರಿನವರಾದರೆ ತಲೆ ಕೆರೆದುಕೊಳ್ಳುತ್ತಿದ್ದರು. ನಮ್ಮ ಕಡೆ ಅಂಥ ಸಂಶಯ ಯಾರಿಗೂ ಬರುವುದಿಲ್ಲ. ಆಟ ಇದ್ದಲ್ಲೇ ನಿಂತಿತು. ಕಾಯಿ ಒಡೆದರು, ಚೆಂಡಿಗೆ ಕುಂಕುಮ ಹಚ್ಚಿದರು, ತಮಗೆ ಶಾಲು ಹೊದಿಸಿ ಪಟಗಾ ಸುತ್ತಿದರು. ಗಡಿಯಾರವನ್ನು ನಿಲ್ಲಿಸಬೇಕೆಂಬುದು ಮಾತ್ರ ಯಾರಿಗೂ ಹೊಳೆಯಲಿಲ್ಲ.

ಎದುರಿಗೆ ಗೋಲಿನಲ್ಲಿ ನಿಂತವನು ನಮ್ಮ ಬೀರಲಿಂಗ. ಕುರಿ ಕಾಯುವ ಹಣಮಪ್ಪನ ಮಗ, ಇಡೀ ಟೂರ್ನಿಯಲ್ಲಿ ಒಂದೇ ಒಂದು ಚೆಂಡನ್ನು ಒಳಗೆ ಬಿಡದ ಹುಡುಗ. ಹಟ್ಟಿಯಿಂದ ಹಾರುವ ಮರಿಗಳನ್ನು ನಡುಗಾಳಿಯಲ್ಲಿ ಹಿಡಿದು ಬೆಳೆದ ಕೈಗಳು ಅವನವು. ತಾವು ಒದ್ದಿರಿ. ಮೊದಲು ತಮ್ಮ ಬೂಟು ಹೊರಟಿತು, ಆಮೇಲೆ ಸ್ವಲ್ಪ ಯೋಚನೆ ಮಾಡಿ ಚೆಂಡು ಹೊರಟಿತು. ಉದ್ಘಾಟಕರ ಚೆಂಡನ್ನು ಹಿಡಿಯುವುದು ನಮ್ಮಲ್ಲಿ ರೀತಿಯಲ್ಲ. ಬೀರಲಿಂಗ ಬದಿಗೆ ಸರಿದು ಎರಡೂ ಕೈ ಮುಗಿದು ನಿಂತ. ಚೆಂಡು ಗೆರೆಯ ಈಚೆಗೇ ದಣಿದು ನಿಂತುಬಿಟ್ಟಿತು. ಆಗ ಆ ಹುಡುಗ ಏನು ಮಾಡಿದನೆಂದರೆ, ದೊಡ್ಡವರ ಮುಖಭಂಗ ಆಗಬಾರದೆಂದು ಬಗ್ಗಿ, ಚೆಂಡನ್ನು ಮುಟ್ಟಿ ಕಣ್ಣಿಗೆ ಒತ್ತಿಕೊಂಡು, ತನ್ನ ಕೈಯಿಂದಲೇ ಮೆಲ್ಲಗೆ ಒಳಗೆ ಉರುಳಿಸಿದ. ಜನ ಚಪ್ಪಾಳೆ ತಟ್ಟಿತು. ನಾನೂ ತಟ್ಟಿದೆ. ಸುಭಾನಸಾಬರು ಮರ್ಯಾದೆಗೆಂದು ಉದ್ದಕ್ಕೆ ಸೀಟಿ ಹೊಡೆದರು. ಸ್ಕೋರ್ ಬರೆಯಲು ಕುಳಿತಿದ್ದ ತಮ್ಮ ಬ್ಯಾಂಕಿನ ಕ್ಲಾರ್ಕ್ ಸುನೀಲಕುಮಾರ, ಚೆಂಡು ಬಲೆಯಲ್ಲಿದೆ, ಸೀಟಿ ಆಗಿದೆ, ಗಡಿಯಾರ ಓಡುತ್ತಿದೆ, ಮೇಲಾಗಿ ಸಾಹೇಬರು ತನ್ನ ಕಡೆಗೇ ನೋಡುತ್ತಿದ್ದಾರೆ ಎಂದು, ಗುಳೇದಗುಡ್ಡದ ಲೆಕ್ಕಕ್ಕೆ ಒಂದು ಗೋಲು ಬರೆದು, ಹೊಡೆದವರು ಶ್ರೀ ಮಹಾಂತಗೌಡರು ಎಂದು ಸೇರಿಸಿದ.

ಆಮೇಲೆ ನಮ್ಮ ಶಾಹಿದ ಒಂದು ಗೋಲು ಹೊಡೆದ. ಗೆದ್ದೆವೆಂದು ನಾವು ಗುಲಾಲು ಎರಚಿಕೊಂಡು ಕುಣಿದೆವು. ಹಾಳೆ ನೋಡಿದರೆ ಸಮ ಸಮ! ಗೆದ್ದವರಿಗೆಂದು ಇಟ್ಟಿದ್ದ ಕಪ್ಪು ಎರಡೂ ಊರಿಗೆ ಜಂಟಿ ಎಂದು ಮೈಕಿನಲ್ಲಿ ಸಾರಿದರು. ಕಪ್ಪು ಹಾಳಾಗಿ ಹೋಗಲಿ, ಮಾನ್ಯರೇ, ಅದು ಹಿತ್ತಾಳೆ. ಆದರೆ ಒಂದೂ ಗೋಲು ಬಿಡದ ಕೀಪರನನ್ನು ಬೆಳಗಾವಿಯ ವಿಭಾಗೀಯ ಆಯ್ಕೆಗೆ ಕಳುಹಿಸುತ್ತೇವೆಂದು ತಮ್ಮ ಸಮಿತಿಯೇ ಹೇಳಿತ್ತು. ಅಲ್ಲಿ ಪಾಸಾದರೆ ಕ್ರೀಡಾ ಹಾಸ್ಟೆಲು, ಬಲ್ಲವರ ಕೈಯಲ್ಲಿ ತರಬೇತಿ. ಹಾಸ್ಟೆಲಿಗೆ ಸೇರುವ ವಯಸ್ಸು ಅವನಿಗೆ ಈ ವರ್ಷಕ್ಕೆ ಮುಗಿಯುತ್ತದೆ. ಈಗ ಬೀರಲಿಂಗನ ಹೆಸರಿನ ಮುಂದೆ ‘ಬಿಟ್ಟ ಗೋಲು: ಒಂದು’ ಎಂದಿದೆ, ಅವನ ಹೆಸರು ಪಟ್ಟಿಯಲ್ಲಿಲ್ಲ. ಆ ಒಂದು ತಮ್ಮದು.

ಮರುದಿನ ತಮ್ಮ ಪತ್ರಿಕೆ ಬಂತು. ‘ಅಧ್ಯಕ್ಷರ ಸಿಡಿಲ ಹೊಡೆತ, ಕೀಪರ್ ತತ್ತರ’. ಕೈ ಮುಗಿದು ನಿಂತವನ ಫೋಟೋದ ಕೆಳಗೆ ‘ಶರಣಾದ ಕೀಪರ್’ ಎಂದು ಬರೆದಿದ್ದರು. ಸಂಜೆಗೆ ತಮ್ಮವರದೇ ಯೂಟ್ಯೂಬ್ ಚಾನೆಲ್ಲಿನವರು ತಮ್ಮ ಪಾದಕ್ಕೆ ಕೆಂಪು ಗೆರೆ ಸುತ್ತಿ, ಬಾಣದ ಗುರುತು ಹಾಕಿ, ಢಂ ಢಂ ಎಂದು ಸಪ್ಪಳ ಮಾಡುತ್ತ ಅದನ್ನೇ ತಿರುಗಿಸಿ ಮುರುಗಿಸಿ ತೋರಿಸಿದರು. ಒಬ್ಬ ಗೊಬ್ಬರದ ಏಜೆಂಟರನ್ನೂ ಒಬ್ಬ ಜ್ಯೋತಿಷಿಯನ್ನೂ ಕೂರಿಸಿ, ಗೌಡರು ಒದ್ದದ್ದು ಹೆಬ್ಬೆರಳಿನಿಂದಲೋ ಅಂಗಾಲಿನಿಂದಲೋ ಎಂದು ಚರ್ಚೆ ನಡೆಸಿದರು. ಚೆಂಡನ್ನು ಒಳಗೆ ಹಾಕಿದ್ದು ಬೀರಲಿಂಗನ ಕೈ ಎಂಬುದು ಆ ವಿಡಿಯೋದಲ್ಲೇ ಕಾಣಬೇಕಿತ್ತು. ಸರಿಯಾಗಿ ಅಲ್ಲಿಗೇ ತಮ್ಮ ಬ್ಯಾಂಕಿನ ಜಾಹೀರಾತು ಬಂದು ಅದನ್ನು ಮುಚ್ಚಿಬಿಟ್ಟಿತು. ಸಂಪಾದಕರಾದ ತಮ್ಮ ಅಳಿಯಂದಿರ ಹತ್ತಿರ ಹೋಗಿ ತಿದ್ದುಪಡಿ ಹಾಕಿರಪ್ಪಾ ಎಂದು ಕೇಳಿಕೊಂಡೆ. ತಿದ್ದುಪಡಿಗೆ ಜಾಗಾ ಇಲ್ಲರಿ ಅವ್ವಾರ, ಬೇಕಾದ್ರ ‘ಕಳೆದಿದೆ’ ಕಾಲಮ್ಮಿನ್ಯಾಗ ಹಾಕ್ತೀನಿ ಎಂದರು, ಪಾಪ, ಹಾಕಿಯೂ ಹಾಕಿದರು. ಒಬ್ಬರ ಅಂಕಪಟ್ಟಿಗೂ ಇನ್ನೊಬ್ಬರ ಎಮ್ಮೆಗೂ ನಡುವೆ ನಮ್ಮ ಗೆಲುವು ಕಳೆದಿದೆ ಎಂದು ಪ್ರಕಟವಾಯಿತು. ಎಮ್ಮೆ ಸಿಕ್ಕಿತಂತೆ.

ಇನ್ನು ತಮ್ಮ ಬ್ಯಾಂಕಿನ ಗುಣಗಾನ ಮಾಡದೆ ಹೋದರೆ ನನ್ನ ನಾಲಿಗೆಗೆ ಹುಳ ಬೀಳುತ್ತದೆ. ಟೂರ್ನಿ ಸಮಿತಿಯ ಕಚೇರಿ ತಮ್ಮ ಕೋಣೆಯಲ್ಲೇ ಇರುವುದರಿಂದ ಆ ಗೋಲನ್ನು ಹಾಳೆಯಿಂದ ತೆಗೆಸಲು ನಾನು ಅಲ್ಲಿಗೆ ಹೋದೆ. ಟೋಕನ್ ಕೊಟ್ಟರು. ಎಂಥ ತಂಪು, ಎಂಥ ಶಾಂತಿ! ಸರ್ವರ್ ಬಂದಿಲ್ಲವೆಂದು ಎಲ್ಲರೂ ಮಠದಲ್ಲಿ ಕುಳಿತ ಹಾಗೆ ಕಣ್ಣು ಮುಚ್ಚಿ ಕುಳಿತಿದ್ದರು. ನನ್ನ ಪಾಳಿ ಬಂದಾಗ ಸುನೀಲಕುಮಾರ ಭಾಳ ಮರ್ಯಾದೆಯಿಂದ ಮಾತಾಡಿದ. ಜಮಾ ಆದ ಗೋಲು ವಾಪಸ್ ತಗ್ಯಾಕ ಬರೂದಿಲ್ಲರಿ ಅವ್ವಾರ, ಯಾರ ಹೆಸರಿಗೆ ಜಮಾ ಆಗೈತಿ ಅವರ ಸಹಿ ಬೇಕು ಎಂದ. ಅವರು ಎಲ್ಲಿದ್ದಾರೆಂದರೆ ಬಾದಾಮಿಯಲ್ಲಿ ಸನ್ಮಾನಕ್ಕೆ ಹೋಗಿದ್ದಾರೆ ಎಂದ. ಯಾತರ ಸನ್ಮಾನವೆಂದರೆ ಗೋಲು ಹೊಡೆದದ್ದಕ್ಕೆ ಎಂದ. ಆಧಾರ್ ಕಾರ್ಡು, ಎರಡು ಫೋಟೋ ಇಟ್ಟು ಹೋಗಿರಿ, ನೋಡೋಣ ಎಂದ. ಇಟ್ಟು ಬಂದೆ. ಮರುವಾರ ನನ್ನ ಹೆಸರಿನಲ್ಲಿ ಹೊಸ ಖಾತೆ ತೆರೆದಿದೆ, ಅಭಿನಂದನೆಗಳು ಎಂದು ಫೋನಿಗೆ ಮೆಸೇಜು ಬಂತು.

ಇಷ್ಟೆಲ್ಲ ಕಂಡ ಮೇಲೆ ತಮ್ಮ ಪ್ರತಿಭೆಗೆ ಈ ಊರುಗಳು ಸಾಲವು ಎಂದು ನನಗೆ ಖಾತ್ರಿಯಾಗಿದೆ. ಆದ್ದರಿಂದ ನನ್ನವು ಕೆಲವು ಬಿನ್ನಹಗಳು. ಜಮಾ ಆದ ಗೋಲಿಗೆ ವರ್ಷಕ್ಕೊಮ್ಮೆ ಬಡ್ಡಿ ಗೋಲು ಸೇರಿಸಬೇಕು, ತಾವು ಮೈದಾನಕ್ಕೆ ಬರದೆಯೂ ಹೊಡೆಯುತ್ತ ಇರಬಹುದು. ಗೆಲ್ಲುವ ಊರಿನ ಹೆಸರನ್ನು ಪತ್ರಿಕೆಯಲ್ಲಿ ಹಿಂದಿನ ದಿನವೇ ಅಚ್ಚು ಹಾಕಿಸಿಬಿಟ್ಟರೆ ಹುಡುಗರು ಬಿಸಿಲಲ್ಲಿ ಓಡುವುದು ತಪ್ಪುತ್ತದೆ. ಇಳಕಲ್ಲಿನಲ್ಲಿ ಸೀರೆ ಅರ್ಧ ನೇಯ್ದು ಕುಳಿತವರಿದ್ದಾರೆ, ಕೆರೂರಿನಲ್ಲಿ ಸಂತೆ ಅರ್ಧ ಮುಗಿದಿರುತ್ತದೆ, ಅವನ್ನೂ ನಡುವೆ ಹೋಗಿ ಉದ್ಘಾಟಿಸಬೇಕು. ನನ್ನ ಸೊಸೆಯ ಮದುವೆಯಾಗಿ ನಾಲ್ಕು ವರ್ಷವಾಯಿತು, ಪುರುಸೊತ್ತಾದರೆ ಅದನ್ನೂ.

ಈಗ ಬಸವೇಶ್ವರಿ ಒಳಗ ಹೋಗ್ಯಾಳ, ಒಂದು ಮಾತು ಹೇಳಿಬಿಡ್ತೀನಿ ಗೌಡ್ರ. ನನಗ ಭಾಳ ಸಿಟ್ಟು ಬಂದೈತಿ. ಗುಳೇದಗುಡ್ಡದ ಕೀಪರ ಅಫ್ಜಲ ಬಸ್ಸು ಹತ್ತಿ ನನ್ನ ಅಂಗಡಿತನಕ ಬಂದು, ಅದು ಗೋಲಲ್ಲರಿ ಅವ್ವಾರ, ನಮ್ಮ ಊರಿಗೆ ಬ್ಯಾಡ ಅದು, ನನಗ ನಾಚಿಕಿ ಆಗ್ತೈತಿ ಅಂದು ಹೋದ. ಎದುರು ತಂಡದ ಹುಡುಗನಿಗೆ ಇರೋ ನಾಚಿಕಿ ನಿಮಗ ಎಲ್ಲಿ ಹೋತ್ರಿ? ಬೀರಲಿಂಗಗ ದಾರ್ಯಾಗ ಸಣ್ಣ ಹುಡುಗೂರು ಕೈ ಮುಗಿದು ಅಣಕಸ್ತಾವ. ಅವ ಆಟಕ್ಕ ಬರೂದು ಬಿಟ್ಟಾನ, ಕುರಿ ಹಿಂದ ಹೋಗ್ತಾನ. ದೂರು ಕೊಡೋ ಅಂದ್ರ, ಬ್ಯಾಡ ಬಿಡ್ರಿ ಅವ್ವಾರ, ದೊಡ್ಡವರು ಖುಷಿ ಆಗ್ಯಾರ, ಇರ್ಲಿ ಅಂತಾನ. ಅವನವ್ವ ರಾಮವ್ವ ನನ್ನ ಮುಂದ ಕುಂತು ಅತ್ತು, ದೊಡ್ಡವರು ಬಂದ್ರ ಸರಿದು ನಿಲ್ಲಬೇಕು ಅಂತ ಕಲಿಸಿದಾಕಿ ನಾನ ಅಲ್ಲೇನ್ರಿ ಅಂದಳು.

ಸೊಸೆ ಬಂದಳು, ಪುನಃ ಮಾನ್ಯರೇ. ತಮ್ಮಿಂದ ಬೇಕಾದದ್ದು ಒಂದೇ ಸಾಲು: ಆ ಗೋಲು ನಾನು ಹೊಡೆದದ್ದಲ್ಲ. ಕೆಳಗೆ ಒಂದು ಸಹಿ. ಇದು ಶನಿವಾರದೊಳಗೆ ಬೆಳಗಾವಿಗೆ ತಲುಪಿದರೆ ಬೀರಲಿಂಗ ಸೋಮವಾರ ಅಲ್ಲಿ ನಿಲ್ಲುತ್ತಾನೆ. ಪತ್ರಿಕೆಯಲ್ಲಿ ಬಂದ ಆ ಫೋಟೋಕ್ಕೆ ಚೌಕಟ್ಟು ಹಾಕಿಸಿ ಬ್ಯಾಂಕಿನ ಗೋಡೆಗೆ ತೂಗುಹಾಕಿದ್ದೀರಂತೆ. ಅದು ಅಲ್ಲೇ ಇರಲಿ, ನಾವು ಯಾರೂ ಅದರ ತಂಟೆಗೆ ಬರುವುದಿಲ್ಲ.

ಇಂತಿ, ತಮ್ಮ ಕೈಯಿಂದ ಒಂದು ಸಹಿ ಆದೀತೆಂದು ಇನ್ನೂ ನಂಬಿಕೊಂಡಿರುವ,
ತಮ್ಮ ವಿಶ್ವಾಸಿ
ಗುರುಸಿದ್ದವ್ವ
ಅಮೀನಗಡ

ತಾ.ಕ.: ಒಂದು ಸಂತೋಷದ ಸುದ್ದಿ ಹೇಳುವುದು ಮರೆತಿದ್ದೆ. ಅಂತಿಮ ಪಂದ್ಯದಲ್ಲಿ ಗೋಲು ಹೊಡೆದವರನ್ನು ಮುಂಪಡೆಯ ಆಟಗಾರರ ಆಯ್ಕೆಗೆ ಕಳುಹಿಸಬೇಕೆಂದು ತಮ್ಮ ಸಮಿತಿಯ ನಿಯಮದಲ್ಲಿದೆ, ಮುಕ್ತ ವಿಭಾಗವಾದ್ದರಿಂದ ವಯಸ್ಸಿನ ಅಡ್ಡಿಯೂ ಇಲ್ಲ. ಸ್ಕೋರ್ ಹಾಳೆಯ ನಕಲನ್ನೂ ತಮ್ಮ ಪತ್ರಿಕೆಯ ಮೊದಲ ಪುಟವನ್ನೂ ಲಗತ್ತಿಸಿ ಶಾಹಿದನ ಹೆಸರಿನ ಜೊತೆ ತಮ್ಮ ಹೆಸರನ್ನೂ ಬೆಳಗಾವಿಗೆ ಕಳುಹಿಸಿದ್ದೆ. ಅಷ್ಟು ಗಟ್ಟಿ ಸಾಕ್ಷಿ ನೋಡಿ ಅವರು ಪಟ್ಟಿಗೆ ಸೇರಿಸಿಕೊಂಡಿದ್ದಾರೆ. ಸೋಮವಾರ ಮುಂಜಾನೆ ಆರಕ್ಕೆ ಹಾಜರಿರಬೇಕು. ಮೊದಲು ಮೈದಾನ ಸುತ್ತಿ ಓಟ, ಆಮೇಲೆ ಪೆನಾಲ್ಟಿ. ಭಾನುವಾರ ತಮ್ಮನ್ನು ಕಳುಹಿಸಿಕೊಡಲು ಬೀರಲಿಂಗನ ಅಪ್ಪ ಹಣಮಪ್ಪನ ಮೇಳದವರು ಡೊಳ್ಳು ತಗೊಂಡು ಬ್ಯಾಂಕಿನ ಮುಂದೆ ಬರುತ್ತಾರೆ, ಚಾನೆಲ್ಲಿನವರಿಗೂ ಹೇಳಿದ್ದೇವೆ. ಗುಳೇದಗುಡ್ಡದವರು ಅಭಿಮಾನದಿಂದ ಕುಪ್ಪಸದ ಖಣದಲ್ಲೇ ತಮಗೊಂದು ಚಡ್ಡಿ ಹೊಲಿಸುತ್ತಿದ್ದಾರೆ, ಅಳತೆ ಅಂದಾಜಿನದು. ಹೋಗಲು ಮನಸ್ಸಿಲ್ಲದಿದ್ದರೆ ಮೇಲೆ ಹೇಳಿದ ಒಂದು ಸಾಲು ಸಾಕು, ತಮ್ಮ ಹೆಸರು ಪಟ್ಟಿಯಿಂದ ಇಳಿಯುತ್ತದೆ, ಬೀರಲಿಂಗನದು ಏರುತ್ತದೆ. ಹೋಗುವುದೇ ಆದರೆ ಚೆನ್ನಾಗಿ ಊಟ ಮಾಡಿ ಹೋಗಬೇಕು, ಏಕೆಂದರೆ ಅಲ್ಲಿ ಗೋಲಿನಲ್ಲಿ ನಿಲ್ಲುವ ಹುಡುಗನ ಬಗ್ಗೆ ವಿಚಾರಿಸಿದೆ; ಅವನಿಗೆ ತಮ್ಮ ಬ್ಯಾಂಕಿನಲ್ಲಿ ಖಾತೆ ಇಲ್ಲವಂತೆ.